ಕೆಡದವುಗಳ ಲೆಕ್ಕ

ಕೂರು ಜೋಲೀನ್, ಬೆಲೆಯ ಮಾತು ಆಮೇಲೆ.
ಎಲ್ಕೋದಿಂದ ಎಂಬತ್ತು ಮೈಲಿ ಬಂದಿದ್ದೀಯ.
ನೀನು ಗೇಟು ದಾಟುವ ಮೊದಲೇ ನನಗೆ ಗೊತ್ತಿತ್ತು
ಏನು ಕೇಳುತ್ತೀಯೆಂದು. ಎಲ್ಲರೂ ಕೇಳುವುದು ಅದನ್ನೇ,
ಟೈರು ಒದ್ದು, ಬಾನೆಟ್ ಎತ್ತಿ, ಮೂಗು ಮುರಿದು:
"ಈ ಎಂಜಿನ್ನಿಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದಂತಲ್ಲ?"

ಹೋಗುತ್ತದಂತೆ.
ಈ "ಅಂತೆ"ಗೆ ಮೂವತ್ತು ವರ್ಷ ವಯಸ್ಸು.
ಯಾವ ಪಿಕಪ್ಪಿಗಿಂತಲೂ ಗಟ್ಟಿಯಾಗಿ ಓಡುತ್ತಿದೆ
ಒಂದು ಹನಿ ಎಣ್ಣೆ ಕೇಳದೆ.

ಇಗೋ ಗ್ರಾಸಿಯನ್‌ನ ಲೆಡ್ಜರು. ಹೆಬ್ಬೆಟ್ಟಿನ ಮಸಿ ನೋಡು,
ಪುಟ ಪುಟಕ್ಕೂ ರುಜು ಹಾಕಿದ ಹಾಗೆ.
ಇಪ್ಪತ್ತಾರು ವರ್ಷ, ಮೂವತ್ತೆಂಟು ಗ್ಯಾಸ್ಕೆಟ್ಟು.
ಹೆಚ್ಚಿನವು ಸುಟ್ಟದ್ದು ಒಂದೇ ಕಡೆ,
ಹಿಂಬದಿಯ ಆರನೆಯ ಸಿಲಿಂಡರಿನ ಪಕ್ಕ,
ಸೈಲೆನ್ಸರಿನ ಕೊಳವೆ ಬಿಸಿಯುಸಿರು ಬಿಡುವಲ್ಲಿ.
ಹಾಲು ಹಾಕಿದ ಕಾಫಿಯಂಥ ಎಣ್ಣೆ,
ಬಿಳಿ ಹೊಗೆಯಲ್ಲಿ ಒಂದು ಸಿಹಿ ವಾಸನೆ;
ರಾತ್ರಿ ಊಟಕ್ಕೆ ಕೂತರೂ ಅದೇ ಅವನ ಕೂದಲಲ್ಲಿ.
ಮೂವತ್ತೆಂಟು ಸಲ ತಲೆ ಬಿಚ್ಚಿದವನು
ಮೂವತ್ತೊಂಬತ್ತನೆಯದನ್ನು ನಂಬುವುದು ಹೇಗೆ?
ರಸ್ತೆಯಲ್ಲಿ ಆ ಮೂತಿ ಕಂಡರೆ ಸಾಕು, ಅನ್ನುವನು:
ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ.

ಅವನು ಹೋದ ಮೇಲೆ ಒಂದು ಶರತ್ಕಾಲ
ಶೆಡ್ಡಿನ ಮುಂದೆ ಕುರ್ಚಿ ಹಾಕಿ ನಾನು ಎಣಿಸಿದೆ.
ಬೇರೇನು ಕೆಲಸ? ಕುರಿಗಳನ್ನು ಮಾರಿಯಾಗಿತ್ತು.
ಅದೇ ಮೂತಿ, ಅದೇ ವಯಸ್ಸಿನ ಗಾಡಿಗಳು:
ಹುಲ್ಲಿನ ಪಿಂಡಿ ಹೇರಿಕೊಂಡವು, ವೆಲ್ಡಿಂಗ್ ಯಂತ್ರ ಹೊತ್ತವು,
ಬಾಗಿಲ ಬದಲು ತಂತಿ ಬಿಗಿದದ್ದೊಂದು,
ಮೂರು ನಾಯಿ ನಿಲ್ಲಿಸಿಕೊಂಡು ಗಣಿಗೆ ಹೋಗುವ ಬಿಳಿಯದು.
ಅದನ್ನು ಎರಡು ಸಲ ಎಣಿಸಿ, ಆಮೇಲೆ ಒಂದು ಗೀಟು ಹೊಡೆದುಹಾಕಿದೆ.
ಲೆಕ್ಕದಲ್ಲಿ ಮೋಸ ನನಗಾಗದು.
ಅರವತ್ತೇಳು. ಇದೊಂದೇ ರಸ್ತೆಯಲ್ಲಿ.
ಅವುಗಳಲ್ಲಿ ಒಂಬತ್ತು ಮಾತ್ರ ಈ ಲೆಡ್ಜರಿನಲ್ಲಿವೆ.
ಉಳಿದವು ಬಂದಿದ್ದರೂ ಗಾಳಿಗೋ ಬಲ್ಬಿಗೋ ಬಂದಾವು;
ಗಾಳಿ ತುಂಬಿಸಿದ್ದನ್ನು ಯಾರು ಬರೆದಿಡುತ್ತಾರೆ?
ಸೂಲಗಿತ್ತಿಯ ಕಣ್ಣಿಗೆ ಊರೆಲ್ಲ ಬಸಿರು.
ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಬಾಯಿಗೆ
ಆ ಐವತ್ತೆಂಟರ ಸದ್ದು ಕೇಳಿಸುವುದಿಲ್ಲ.
ಕೆಡದ ಎಂಜಿನ್ನಿಗೆ ಕತೆಯಿಲ್ಲ.

ಗೆದ್ದೆನೆಂದುಕೊಂಡು ಕುರ್ಚಿ ಮಡಚಿದೆ ನೋಡು,
ಆಗ ನೆನಪಾಯಿತು ಉತ್ತರದ ಸೇಜ್ ಪೊದೆಗಳ ಬಯಲು.
ಅಲ್ಲಿ ಬಾಯ್ತೆರೆದು ನಿಂತವು ಎಷ್ಟೋ,
ಸೀಟಿನೊಳಗೆ ಇಲಿ ಮರಿ ಹಾಕಿ, ಬಾಗಿಲಿಗೆ ಗುಂಡಿನ ತೂತು ಬಿದ್ದು.
ಅವು ಗ್ರಾಸಿಯನ್‌ನ ಬಳಿಗೂ ಬರಲಿಲ್ಲ,
ನನ್ನ ಕುರ್ಚಿಯ ಮುಂದೆಯೂ ಹಾಯಲಿಲ್ಲ.
ಯಾವುದು ಗ್ಯಾಸ್ಕೆಟ್ಟಿನಿಂದ ಸತ್ತಿತು, ಯಾವುದು ತುಕ್ಕಿನಿಂದ,
ಯಾವುದು ಒಡೆಯನೇ ಸತ್ತದ್ದಕ್ಕೆ, ಯಾರು ಹೇಳಬೇಕು?
ಕೆಟ್ಟವನ್ನಷ್ಟೇ ನೋಡಿದವನು ಅವನು,
ಓಡುವವನ್ನಷ್ಟೇ ನೋಡಿದವಳು ನಾನು,
ನಲವತ್ತು ವರ್ಷ ಒಂದೇ ಮಂಚದ ಎರಡು ಬದಿ.
ಲೆಕ್ಕ ಅಲ್ಲಿಗೇ ಬಿಟ್ಟೆ.

ಆದ್ದರಿಂದ ನಿನಗೆ ನನ್ನ ಉತ್ತರ ಇಷ್ಟೇ:
ಉತ್ಪ್ರೇಕ್ಷೆ, ಹೌದು. ಸುಳ್ಳು, ಅಲ್ಲ.
ಸಾವಿರದ ನೂರು ಡಾಲರು, ಸೀಟಿನ ಕಂಬಳಿ ಸೇರಿ.
ಆಸ್ಪತ್ರೆಯ ರಾತ್ರಿ ಪಾಳಿಗೆ ದಿನಾ ಕಣಿವೆ ಹತ್ತಬೇಕೆನ್ನುತ್ತೀಯ;
ಮುಳ್ಳು ಅರ್ಧ ದಾಟಿದರೆ ನಿಲ್ಲಿಸು, ತಡವಾದರೂ ನಿಲ್ಲಿಸು.
ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ಮುಟ್ಟಬೇಡ,
ಅವನ ಮೊಣಕೈ ನೀನು ನೋಡಿಲ್ಲ.

ಸೀಟಿನ ಹಿಂದೆ ಎರಡು ಕ್ಯಾನು ನೀರಿದೆ, ನಗಬೇಡ.
ಹನ್ನೊಂದು ವರ್ಷ ಈ ಗಾಡಿ ನಾನೇ ಓಡಿಸಿದೆ,
ಒಮ್ಮೆಯೂ ಆ ಕ್ಯಾನು ದಾರಿಯಲ್ಲಿ ಬಿಚ್ಚಿದ್ದಿಲ್ಲ.
ಪ್ರತಿ ವಸಂತಕ್ಕೆ
ಹಳೆ ನೀರು ಚೆಲ್ಲಿ ಹೊಸದು ತುಂಬಿದ್ದೇನೆ.